ಸಂಜೆ ವಾಪಸ್ ಕೊಡ್ತೀನಿ

ತಮ್ಮನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ, ಅಮ್ಮ ಅವನ ಇನ್ನೊಂದು ಪೈಲಟ್ ಸೂಟನ್ನು ಮಗಳ ಅಳತೆಗೆ ಹೊಲಿಯುತ್ತಿದ್ದಳು.

"ತೋಳು ಸರಿಹೋಯ್ತಾ ನೋಡು."

"ಸರಿ ಇದೆ ಅಮ್ಮ."

ಅಷ್ಟೇ ಮಾತು. ಸೂಜಿ ಮತ್ತೆ ಬಟ್ಟೆಯೊಳಗೆ ಇಳಿಯಿತು.

ಸಮುದ್ರದಿಂದ ಎದ್ದು ಬರುವ ಆ ಮೃಗಕ್ಕೆ ಊರಿನವರು ಹೆಸರಿಟ್ಟಿರಲಿಲ್ಲ. 'ಅದು' ಎನ್ನುತ್ತಿದ್ದರು. ಅದರೆದುರು ನಿಲ್ಲುವ ದೈತ್ಯ ಯಂತ್ರಗಳು ಇಪ್ಪತ್ತು ವರ್ಷ ತುಂಬಿದವರ ಮಾತು ಕೇಳುತ್ತಿರಲಿಲ್ಲ. ತಮ್ಮನಿಗೆ ಹದಿನೇಳಾಗಿತ್ತು. ಅವಳಿಗೆ ಹತ್ತೊಂಬತ್ತು. ಇನ್ನು ಅವಳ ಸರದಿ.

ಶೆಡ್ಡಿನ ಬಾಗಿಲಲ್ಲೇ ಮೆಕ್ಯಾನಿಕ್ ನಿಂತಿದ್ದ. ಹೋದ ವರ್ಷದವರೆಗೆ ಅವನೂ ಪೈಲಟ್. ಇಪ್ಪತ್ತು ತುಂಬಿತು, ಸ್ಪ್ಯಾನರ್ ಹಿಡಿದ. ಮೊನ್ನೆ ಮೊನ್ನೆಯವರೆಗೂ ಅವನ ಹೆಜ್ಜೆ ಸದ್ದಿಗೇ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಇವತ್ತು ಮೈ ಉರಿಯಿತು!

"ದಾರಿ ಬಿಡಿ."

"ಏನಾದ್ರೂ... ತಿಂದ್ರಾ?"

"ನನ್ನ ತಮ್ಮನ್ನ ತಿಂದವರು ನನ್ನ ಹೊಟ್ಟೆ ವಿಚಾರ ಕೇಳ್ಬೇಡಿ."

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಪೈಲಟ್ ಸೀಟಿಗೆ ಕೆಂಪು ಪಟ್ಟಿಯ ಒಂದು ಲಾಕ್ ಪಿನ್ ಇರುತ್ತದೆ. ಅದು ಒಳಗಿದ್ದರೆ, ಅಪಾಯದಲ್ಲಿ ಪೈಲಟ್‌ನನ್ನು ಹೊತ್ತು ಹಾರಬೇಕಾದ ಸೀಟು ಹೊರಗೆ ಹಾರುವುದಿಲ್ಲ. ಯಂತ್ರ ಹೊರಡುವ ಮುನ್ನ ಮೆಕ್ಯಾನಿಕ್ ಅದನ್ನು ಕಿತ್ತು, ಮೇಲೆತ್ತಿ ಪೈಲಟ್‌ಗೆ ತೋರಿಸಬೇಕು. ತಮ್ಮನ ಸುಟ್ಟ ಸೀಟಿನಲ್ಲಿ ಪಿನ್ ಹಾಗೇ ಇತ್ತು. 'ಕೀಳೋಕೆ ಮರೆತೆ' ಎಂದು ಇವನೇ ಒಪ್ಪಿಕೊಂಡಿದ್ದ.

ಆ ಪಿನ್ ಈಗ ಅವಳ ಜೇಬಿನಲ್ಲಿತ್ತು. ಅದು ಅವಳ ಸೀಟಿಗೂ ಹೊಂದುತ್ತಿತ್ತು. ಹಾರಿ ಬಂದು ಯಾರ ಮುಖ ನೋಡಬೇಕು? ತಾನೇ ಹಾಕಿಕೊಂಡರೆ ಆಯಿತು...

ಸೈರನ್ ಕೂಗಿತು.

ಅವಳು ಏಣಿ ಹತ್ತಿ ಕೂತಳು. ಹಿಂದೆಯೇ ಬಂದ ಅವನು ಬೆಲ್ಟ್ ಬಿಗಿದ. ಅವಳ ಸೀಟಿನ ಪಿನ್ ಕಿತ್ತು ಕೈ ಮೇಲೆತ್ತಿದ.

ಎತ್ತಿದ ಕೈ. ಕೆಂಪು ಪಟ್ಟಿ.

ತಮ್ಮ ಹೊರಟ ದಿನ ಅವಳು ಶೆಡ್ಡಿನ ಮೆಟ್ಟಿಲ ಮೇಲಿದ್ದಳು. ಇದನ್ನೇ ನೋಡಿದ್ದಳಲ್ಲ! ಅತ್ತೂ ಅತ್ತೂ ಎಲ್ಲಿ ಕಳೆದುಕೊಂಡಿದ್ದಳು ಇದನ್ನು?

"ಆ ದಿನ ನೀವು ಪಿನ್ ಕಿತ್ತಿದ್ರಿ."

"ಇಲ್ಲ. ಮರೆತೆ."

"ಸುಳ್ಳು! ನಾನೇ ನೋಡಿದೀನಿ."

ಅವನು ಬಿಗಿದಿದ್ದ ಬೆಲ್ಟನ್ನೇ ಮತ್ತೊಮ್ಮೆ ಬಿಗಿದ.

"ಕಿತ್ತ ಪಿನ್ನನ್ನ ನಿಮ್ಮ ತಮ್ಮ ಕೇಳಿ ಇಸ್ಕೊಂಡ. 'ಧೈರ್ಯಕ್ಕೆ ಜೇಬಲ್ಲಿರ್ಲಿ ಭಾವ, ಸಂಜೆ ವಾಪಸ್ ಕೊಡ್ತೀನಿ' ಅಂದ. ತಾನೇ ಹಾಕ್ಕೋತಾನೆ ಅಂತ ನನಗೆ ಹೊಳೀಲಿಲ್ಲ. ಹಾರಿದ್ರೆ ಯಂತ್ರ ಮನೆಗಳ ಮೇಲೆ ಬೀಳ್ತಿತ್ತು. ಹೆದರಿ ಎಲ್ಲಿ ಹಾರಿಬಿಡ್ತೀನೋ ಅಂತ... ತನ್ನ ಕೈಯನ್ನೇ ಅವನು ನಂಬಲಿಲ್ಲ."

"ಮತ್ತೆ ಮರೆತೆ ಅಂತ ಯಾಕೆ ಹೇಳಿದ್ರಿ?"

"ನಿಮ್ಮಮ್ಮಂಗೆ ಶಾಪ ಹಾಕೋಕೆ ಒಬ್ಬ ಬೇಕಲ್ಲ. ಮಗನಿಗೇ ಹಾಕೋಕಾಗುತ್ತಾ?"

ನೆಲ ನಡುಗಿತು. ಕಡಲ ಕಡೆಯ ಗಾಜುಗಳೆಲ್ಲ ಒಟ್ಟಿಗೆ ಒಡೆದವು. ಅದು ದಡ ಹತ್ತುತ್ತಿತ್ತು.

"ಅವನು ನಿಮ್ಮನ್ನ ಭಾವ ಅಂತಿದ್ನಾ?"

"ಅಕ್ಕನ್ನ ಕೇಳೋಕೆ ಧೈರ್ಯ ಇಲ್ಲದ ಪುಕ್ಕಲು ಭಾವ. ಪೂರ್ತಿ ಹೆಸರು ಅದು."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು.

ಅವನು ಬಗ್ಗಿದ. "ನೋಡು, ಆಗಲ್ಲ ಅನ್ನಿಸಿದ ತಕ್ಷಣ ಯಂತ್ರಾನ ಮಂಡಿ ಊರಿಸು. ಕೂತ ಯಂತ್ರ ಯಾರ ಮೇಲೂ ಬೀಳಲ್ಲ. ಆಮೇಲೆ ಹಾರು. ಅವನಿಗೆ ಅಷ್ಟು ಹೊತ್ತು ಸಿಗಲಿಲ್ಲ. ನಿನಗೆ... ಹಾರ್ತೀಯ ತಾನೆ?"

ಅವಳ ಕೈ ಜೇಬಿನಲ್ಲೇ ಇತ್ತು. ಕಬ್ಬಿಣ ತಣ್ಣಗಿತ್ತು.

"ಹಾರಿ ಬಂದ್ರೆ ಕೆಳಗೆ ಯಾರಿರ್ತಾರೆ?"

"ನಾನಿರ್ತೀನಿ."

"ಕೇಳೋದನ್ನ ಕೇಳ್ತೀಯಾ?"

"ಕೇಳ್ತೀನಿ... ನೀನು ಬಾ ಮೊದ್ಲು."

ಅವಳು ಮಸಿ ಹಿಡಿದ ಪಿನ್ನನ್ನು ಹೊರತೆಗೆದು ಅವನ ಅಂಗೈಯಲ್ಲಿಟ್ಟಳು.

"ತಗೋ. ತಮ್ಮ ನಿನ್ನ ಹತ್ರ ಇಸ್ಕೊಂಡಿದ್ದು. ತಡ ಆಯ್ತು ಅಂತ ಅವನಿಗೆ ಬೈಬೇಡ."