ಹಸಿದ ಹೊದಿಕೆ, ಉಂಡ ಕೌದಿ

ಯಾವ ವಸ್ತುವನ್ನಾದರೂ ಹೊಸ್ತಿಲಿನಾಚೆ ಎಸೆಯುವ ಮೊದಲು ಅದನ್ನು ಮೂರು ಸಲ ಕೇಳಬೇಕು: "ಇನ್ನೇನಾಗುತ್ತೀ?" ಮೂರನೆಯ ಸಲವೂ ಅದು ಸುಮ್ಮನಿದ್ದರೆ ಮಾತ್ರ ಎಸೆಯಬಹುದು.

ಇದು ನೂಲಗಿರಿ ರಾಜ್ಯದ ಕಟ್ಟಳೆ. ಬೇರೆ ಕಟ್ಟಳೆ ಆ ರಾಜ್ಯಕ್ಕೆ ಬೇಕಾಗಿರಲಿಲ್ಲ. ಇದೊಂದನ್ನೂ ಎಲ್ಲರೂ ಮುರಿದರು. ಮೊದಲು ಮುರಿದವನು ರಾಜ.

ಇದು ಬಹಳ ಹಿಂದಿನ ಮಾತು. ಬೆಟ್ಟಗಳು ಇನ್ನೂ ಕೂರಲು ಜಾಗ ಹುಡುಕುತ್ತಿದ್ದ ಕಾಲ. ಆಗ ನೂಲಗಿರಿಯಲ್ಲಿ ವಸ್ತುಗಳು ಕೇಳಿದವರಿಗೆ ಉತ್ತರ ಕೊಡುತ್ತಿದ್ದವು. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಸೀರೆ ಹರಿದರೆ ಕೌದಿಯಾಗುತ್ತಿತ್ತು. ಕೌದಿ ಹರಿದರೆ ಕೊಡ ಹೊರುವ ಸಿಂಬೆಯಾಗುತ್ತಿತ್ತು. ಸಿಂಬೆ ಹರಿದರೆ ದೀಪದ ಬತ್ತಿಯಾಗುತ್ತಿತ್ತು. ಒಂದು ಸೀರೆ ಮೂರು ತಲೆಮಾರು ದುಡಿದು, ಕೊನೆಗೆ ಬೆಳಕಾಗಿ ಹೋಗುತ್ತಿತ್ತು.

ಕೌದಿ ಹೊಲಿಯುವುದಕ್ಕೂ ಅಲ್ಲೊಂದು ಪದ್ಧತಿ ಇತ್ತು. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂರಿಸಿ, ಸಾಲು ಸಾಲಾಗಿ ದಾರ ಓಡಿಸಿ, ಮೂರು ಮೂಲೆ ಮುಚ್ಚುತ್ತಿದ್ದರು. ನಾಲ್ಕನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ಜೋಳ ಹಾಕುತ್ತಿದ್ದರು. "ಕೌದಿಯ ಹೊಟ್ಟೆ ಬರಿದಿರಬಾರದು. ಹಸಿದ ಹೊದಿಕೆ ಹೊದ್ದವರನ್ನೇ ತಿನ್ನುತ್ತದೆ" ಎನ್ನುತ್ತಿದ್ದರು ಹಿರಿಯರು. ಕಿರಿಯರು ನಗುತ್ತಿದ್ದರು, ಆದರೂ ಜೋಳ ಹಾಕುತ್ತಿದ್ದರು.

ಒಂದು ಬೇಸಿಗೆಯಲ್ಲಿ ಎತ್ತಿಲ್ಲದ ಬಂಡಿಯೊಂದು ತಾನಾಗಿಯೇ ಉರುಳುತ್ತ ರಾಜಧಾನಿಗೆ ಬಂತು. ಅದರ ಮೇಲೆ ಥಳಕಯ್ಯನೆಂಬ ಮಾಂತ್ರಿಕ ಕುಳಿತಿದ್ದ. ಒಮ್ಮೆ ತೊಟ್ಟ ಅಂಗಿಯನ್ನು ಅವನು ಎರಡನೆಯ ಸಲ ತೊಟ್ಟವನಲ್ಲ.

"ಹಳೇದು ಕೊಡಿ, ಹೊಸದು ತಗೊಳ್ಳಿ. ಹರಿದದ್ದು ಕೊಡಿ, ಹೊಳೆಯೋದು ತಗೊಳ್ಳಿ" ಎಂದು ಅವನು ಬೀದಿ ಬೀದಿ ಕೂಗಿದ.

ರಾಜ ಚಿತ್ರಶೇಖರನ ಸಿಂಹಾಸನಕ್ಕೆ ಏಳು ತೇಪೆಗಳಿದ್ದವು. ಏಳು ತಲೆಮಾರಿನ ರಾಣಿಯರು ಹಾಕಿದ ತೇಪೆಗಳು. ಥಳಕಯ್ಯನ ಬಂಡಿಯಲ್ಲಿ ಕನ್ನಡಿಯ ಸಿಂಹಾಸನ ಕಂಡು ರಾಜ ಎದ್ದು ನಿಂತ.

"ಹಳೆಯದನ್ನು ಮೂರು ಸಲ ಕೇಳಬೇಕಲ್ಲವೇ, ಪ್ರಭು?" ಎಂದ ಮಂತ್ರಿ.

"ಕೇಳಿದರೆ ಅದು ಏನಾದರೂ ಹೇಳಿಬಿಟ್ಟರೆ?" ಎಂದ ರಾಜ.

ರಾಜ ಕೊಟ್ಟ ಮೇಲೆ ಮಂತ್ರಿ ಕೊಟ್ಟ. ಮಂತ್ರಿ ಕೊಟ್ಟ ಮೇಲೆ ಊರು ಕೊಟ್ಟಿತು. ಹಂಡೆ, ಕೊಡ, ಕೌದಿ, ತೊಟ್ಟಿಲು ಎಲ್ಲ ಬಂಡಿಗೇರಿದವು. ಕೋಟೆಯ ಬಾಗಿಲಲ್ಲಿ ಕಟ್ಟಳೆ ಕೆತ್ತಿ ನಿಲ್ಲಿಸಿದ್ದ ಕಲ್ಲನ್ನೂ ರಾಜ ಕೀಳಿಸಿದ. ಅದನ್ನು ಮಾತ್ರ ಥಳಕಯ್ಯ ಮುಟ್ಟಲಿಲ್ಲ. ಕಲ್ಲು ಚರಂಡಿಯಲ್ಲಿ ಬಿತ್ತು.

ಅದನ್ನು ಉರುಳಿಸಿಕೊಂಡು ಮನೆಗೆ ತಂದವಳು ಬಾಳವ್ವ. ಅವಳು ಕಲಾಯಿಗಾರ ಬರಮಣ್ಣನ ಮಗಳು. ಊರಿನ ತಾಮ್ರದ ಪಾತ್ರೆಗಳಿಗೆಲ್ಲ ತವರ ಬಳಿದು ಹೊಳಪು ಕೊಡುವುದು ಅಪ್ಪನ ಕೆಲಸ. ಹಳೆಯ ಚಿಂದಿಯಲ್ಲಿ ಕೌದಿ ಹೊಲಿಯುವುದು ಮಗಳ ಕೆಲಸ.

"ರಾಜ ಎಸೆದದ್ದನ್ನೂ ಬಿಡೋದಿಲ್ಲವಲ್ಲೇ ನೀನು" ಎಂದಳು ಪಕ್ಕದ ಮನೆಯ ಸಂಕವ್ವ.

"ರಾಜರು ಕೇಳದೆ ಎಸೆದರು, ಚಿಕ್ಕವ್ವ. ನಾನು ಕೇಳಿದೆ. ಬಟ್ಟೆ ಒಗೆಯೋ ಕಲ್ಲಾಗ್ತೀನಿ ಅಂತು."

ಬಾಳವ್ವ ಕಟ್ಟಳೆಯ ಅಕ್ಷರಗಳ ಮೇಲೆಯೇ ದಿನವೂ ಬಟ್ಟೆ ಕುಕ್ಕಿದಳು. ಕೊಳೆ ಚೆನ್ನಾಗಿ ಹೋಗುತ್ತಿತ್ತು.

ಆದರೆ ಬರಮಣ್ಣ ಒಂದು ತಪ್ಪು ಮಾಡಿದ. ಮಗಳು ಹೊಳೆಗೆ ಹೋಗಿದ್ದಾಗ, ತೀರಿಹೋದ ಹೆಂಡತಿ ಹೊಲಿದ ಕೌದಿಯನ್ನು ಥಳಕಯ್ಯನಿಗೆ ಕೊಟ್ಟು ಮಖಮಲ್ಲಿನ ಹೊದಿಕೆ ತೆಗೆದುಕೊಂಡ. ಅವಳ ಮದುವೆಯ ಸೀರೆಯೂ ಬಾಳವ್ವನ ತೊಟ್ಟಿಲ ಬಟ್ಟೆಯೂ ಆ ಕೌದಿಯಲ್ಲಿದ್ದವು.

"ಎಲ್ಲರೂ ಕೊಟ್ಟರವ್ವ" ಎಂದ ಬರಮಣ್ಣ, ಮಗಳ ಮುಖ ನೋಡದೆ.

"ಎಲ್ಲರೂ ಕೊಟ್ಟರು, ಸರಿ. ಯಾರಾದರೂ ಕೇಳಿದರಾ, ಅಪ್ಪಾ?"

ಬರಮಣ್ಣ ಮಖಮಲ್ಲಿನ ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡ.

ಹದಿನೈದು ದಿನ ಕಳೆಯುವಷ್ಟರಲ್ಲಿ ನೂಲಗಿರಿಯ ಜನ ಕೆಂಡದಂಥ ಬೇಸಿಗೆಯಲ್ಲಿ ಗಡಗಡ ನಡುಗತೊಡಗಿದರು. ಹೊಸ ಹೊದಿಕೆಗಳು ಮೈಯ ಬಿಸಿಯನ್ನು ತಿಂದವು. ಹೊಸ ಪಾತ್ರೆಗಳು ಸಾರಿನ ರುಚಿಯನ್ನು ತಿಂದವು. ಹೊಸ ಸಿಂಹಾಸನ ರಾಜನ ನಗುವನ್ನು ತಿಂದಿತು. ಎಲ್ಲರಿಗಿಂತ ಹೆಚ್ಚು ತಣ್ಣಗಾದವನು ಬರಮಣ್ಣ. ಅವನ ಕಾಲು ಕಲ್ಲಿನಂತಾಯಿತು, ಆಮೇಲೆ ಸೊಂಟ.

ವೈದ್ಯ ನಾಡಿ ಹಿಡಿದು ನೋಡಿದ. "ತಣುಪು ಎದೆಗೇರಲು ಮೂರು ದಿನ ಬೇಕು. ಇವನನ್ನು ಇಷ್ಟು ದಿನ ಬೆಚ್ಚಗಿಟ್ಟದ್ದು ಯಾವುದೋ ಅದನ್ನೇ ತರಬೇಕು. ಅಂಥ ಬಿಸಿ ಯಾವುದರಲ್ಲಿತ್ತು?"

"ಕೌದಿಯಲ್ಲಿ" ಎಂದಳು ಬಾಳವ್ವ.

ಅವಳು ಬೆಂಕಿಗೆ ಗಾಳಿ ಊದುವ ಅಪ್ಪನ ಪುಟ್ಟ ತಿದಿ, ಒಂದು ತುಂಡು ತವರ, ಸೂಜಿ, ದಾರ, ಸೆರಗಿನಲ್ಲಿ ಒಂದು ಹಿಡಿ ಜೋಳ ಕಟ್ಟಿಕೊಂಡು ಥಳಕಯ್ಯ ಊರಾಚೆ ಕಟ್ಟಿಕೊಂಡಿದ್ದ ಮಿರುಗುವ ಕೋಟೆಗೆ ಹೊರಟಳು.

ಮೊದಲ ದಿನ ಮೊದಲ ಬಾಗಿಲು. ಅಲ್ಲಿ ತಾಮ್ರದ ಹುಲಿ ಮಲಗಿತ್ತು. ಎಸೆದ ಪಾತ್ರೆಗಳನ್ನು ಬಡಿದು ಥಳಕಯ್ಯ ಅದನ್ನು ಮಾಡಿದ್ದ. ಅದು ಎದ್ದು ಬಾಯಿ ತೆರೆಯಿತು.

ಬಾಳವ್ವ ಕೇಳಿದಳು, "ಹುಲಿಯಣ್ಣಾ, ಇನ್ನೇನಾಗುತ್ತೀ?"

"ನಿನ್ನನ್ನು ತಿನ್ನುವವನಾಗುತ್ತೇನೆ."

"ಇನ್ನೇನಾಗುತ್ತೀ?"

"ತಿಂದ ಮೇಲೂ ಹಸಿದವನಾಗುತ್ತೇನೆ."

"ಇನ್ನೇನಾಗುತ್ತೀ?"

ಹುಲಿ ಬಾಲ ಆಡಿಸುವುದನ್ನು ನಿಲ್ಲಿಸಿತು. "ಹಿಂದೆ ನಾನು ಮದುವೆಮನೆಯ ಪಾಯಸದ ಹಂಡೆಯಾಗಿದ್ದೆ. ಈಗ ಹೊಟ್ಟೆ ತೂತು. ತಿಂದದ್ದೆಲ್ಲ ಕೆಳಗೆ ಬೀಳುತ್ತದೆ. ನಾನೇನು ಮಾಡಲಿ?"

"ಅಂಗಾತ ಮಲಗು" ಎಂದಳು ಬಾಳವ್ವ.

ಅವಳು ಪುಳ್ಳೆ ಆಯ್ದು ಬೆಂಕಿ ಮಾಡಿದಳು, ತಿದಿ ಒತ್ತಿದಳು, ತವರ ಕರಗಿಸಿ ತೂತಿಗೆ ಬೆಸುಗೆ ಹಾಕಿದಳು. ಹುಲಿ ಕಚಗುಳಿಯಾಗಿ ಕೊಸರಾಡಿತು. "ಸುಮ್ಮನಿರು, ಸೊಟ್ಟ ಆಗುತ್ತೆ" ಎಂದು ಅವಳು ಅದರ ಪಕ್ಕೆಗೊಂದು ಏಟು ಕೊಟ್ಟಳು. ಆಮೇಲೆ ನಾಲ್ಕು ಕಾಳು ಜೋಳ ತಿನ್ನಿಸಿದಳು. ಜೋಳ ಕೆಳಗೆ ಬೀಳಲಿಲ್ಲ. ಹುಲಿಗೆ ಹೊಟ್ಟೆ ತುಂಬಿತು. ಅದು ಬೆಕ್ಕಿನಂತೆ ಗುರುಗುಟ್ಟುತ್ತ ಅವಳ ಹಿಂದೆ ನಡೆಯಿತು.

ಎರಡನೆಯ ದಿನ ಎರಡನೆಯ ಬಾಗಿಲು. ಅದರ ಮುಂದೆ ಒಡೆದ ಬಳೆಗಳ ಹೊಳೆ ಹರಿಯುತ್ತಿತ್ತು. ಕೆಂಪು, ಹಸಿರು, ಹಳದಿ ಚೂರುಗಳು ಝಣಝಣ ಎಂದು ಸುಳಿಯಾಗಿ ಸುತ್ತುತ್ತಿದ್ದವು. ಕಾಲಿಟ್ಟರೆ ಕಾಲು ಉಳಿಯುವಂತಿರಲಿಲ್ಲ. ಹುಲಿಯೂ ಹಿಂದೆ ಸರಿಯಿತು. ಈಗಷ್ಟೇ ತೂತು ಮುಚ್ಚಿಸಿಕೊಂಡವರಿಗೆ ಧೈರ್ಯ ಸ್ವಲ್ಪ ಕಡಿಮೆ.

ದಡದಲ್ಲಿ ಎರಡು ತೆಂಗಿನ ಕರಟ ಬಿದ್ದಿದ್ದವು. ಬಾಳವ್ವ ಅವನ್ನು ಎತ್ತಿಕೊಂಡಳು.

"ಇನ್ನೇನಾಗುತ್ತೀರಿ?"

"ಒಲೆಗೆ ಹಾಕು, ಕೆಂಡವಾಗುತ್ತೇವೆ."

"ಇನ್ನೇನಾಗುತ್ತೀರಿ?"

"ಹಿಡಿ ಸಿಕ್ಕಿಸು, ಸೌಟಾಗುತ್ತೇವೆ."

"ಇನ್ನೇನಾಗುತ್ತೀರಿ?"

"ನೀನು ಆಟ ಮರೆತೆಯಾ, ತಂಗಿ?" ಎಂದವು ಕರಟಗಳು.

ಬಾಳವ್ವನಿಗೆ ನಗು ಬಂತು. ಕರಟಕ್ಕೆ ತೂತು ಕೊರೆದು, ದಾರ ಪೋಣಿಸಿ, ಬೋರಲು ಹಾಕಿ, ಅದರ ಮೇಲೆ ಕಾಲಿಟ್ಟು ದಾರ ಎಳೆಯುತ್ತ ಟಕಟಕ ನಡೆಯುವ ಆಟ ನೂಲಗಿರಿಯ ಮಕ್ಕಳೆಲ್ಲ ಆಡಿದ್ದೇ. ಅವಳು ಕರಟದ ಕಾಲು ಮಾಡಿಕೊಂಡು ಟಕ್ ಟಕ್ ಎಂದು ಬಳೆಯ ಹೊಳೆ ದಾಟಿದಳು. ಮತ್ತೆ ವಾಪಸು ಬಂದು, ಇನ್ನೂ ನಾಲ್ಕು ಕರಟ ಹುಡುಕಿ, ಹುಲಿಗೂ ಕಟ್ಟಿದಳು. ಹುಲಿ ಕರಟದ ಮೇಲೆ ಹೊಳೆ ದಾಟಿದ್ದನ್ನು ನೋಡಿದವರು ಯಾರೂ ಇರಲಿಲ್ಲ. ಅದು ಹುಲಿಯ ಪುಣ್ಯ.

ಮೂರನೆಯ ದಿನ ಮೂರನೆಯ ಬಾಗಿಲು. ಅದು ತೆರೆದೇ ಇತ್ತು. ಒಳಗೆ ಥಳಕಯ್ಯ ಹೊಚ್ಚಹೊಸ ಅಂಗಿ ತೊಟ್ಟು ಕುಳಿತಿದ್ದ.

"ಒಂದು ಹಳೇ ಚಿಂದಿಗೆ ಇಷ್ಟು ದೂರ ಬಂದೆಯಾ?" ಎಂದ ಅವನು.

"ಚಿಂದಿ ಅಲ್ಲ, ಕೌದಿ. ಅಪ್ಪ ಸಾಯುತ್ತಿದ್ದಾನೆ. ಕೊಡಿ, ಹೋಗುತ್ತೇನೆ."

ಥಳಕಯ್ಯ ಚಪ್ಪಾಳೆ ತಟ್ಟಿದ. ಅಂಗಳದ ತುಂಬ ಸಾವಿರ ಕೌದಿಗಳು ಹರಡಿಕೊಂಡವು. ಎಲ್ಲವೂ ಒಂದೇ ಥರ. ಅದೇ ಮದುವೆ ಸೀರೆಯ ಕುಂಕುಮದ ಬಣ್ಣ, ಅದೇ ತೊಟ್ಟಿಲ ಬಟ್ಟೆಯ ನೀಲಿ, ಅಂಚಿನಲ್ಲಿ ಅವ್ವ ತಪ್ಪಿ ಹಾಕಿದ್ದ ಅದೇ ಸೊಟ್ಟ ಹೊಲಿಗೆ.

"ಒಂದು ನಿನ್ನವ್ವನದು. ಉಳಿದವು ನನ್ನವು. ಸರಿಯಾದದ್ದನ್ನು ಮುಟ್ಟಿದರೆ ಒಯ್ಯಿ. ತಪ್ಪಿದರೆ ನೀನು ಇಲ್ಲೇ ಕನ್ನಡಿಯಾಗಿ ನಿಲ್ಲುತ್ತೀ" ಎಂದ ಥಳಕಯ್ಯ. "ಸೂರ್ಯ ಮುಳುಗುವವರೆಗೆ ಸಮಯ."

ಬಾಳವ್ವ ಬಣ್ಣ ನೋಡಿದಳು, ತಿಳಿಯಲಿಲ್ಲ. ಹೊಲಿಗೆ ನೋಡಿದಳು, ತಿಳಿಯಲಿಲ್ಲ. ಮೂಸಿ ನೋಡಿದಳು, ಎಲ್ಲದರಲ್ಲೂ ಅವ್ವನ ಸೀಗೇಕಾಯಿಯ ವಾಸನೆ. ಬಿಸಿಲು ಗೋಡೆಯಿಂದ ಇಳಿಯಿತು. ಅವಳ ಕಣ್ಣಲ್ಲಿ ನೀರು ಬಂತು. ಅಳುತ್ತ ಕೂರುವವಳು ಅವಳಲ್ಲ. ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿದಳು. ಸೆರಗಿನ ಗಂಟಿನಲ್ಲಿ ಜೋಳ ಕೈಗೆ ಸಿಕ್ಕಿತು.

ಅವಳು ಥಳಕಯ್ಯನನ್ನು ನೋಡಿದಳು. "ನೀವು ಈ ಕೌದಿಗಳಿಗೆ ಊಟ ಹಾಕಿದ್ದೀರಾ?"

"ಬಟ್ಟೆಗೆ ಊಟವೇ?" ಥಳಕಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದಕ್ಕೇ" ಎಂದಳು ಬಾಳವ್ವ.

ಥಳಕಯ್ಯ ನಗುತ್ತಲೇ ಇದ್ದ. ಅವಳು ಹುಲಿಯ ಕಡೆ ತಿರುಗಿದಳು. "ಅಣ್ಣಾ, ಹೋಗಿ ನೋಡು. ಆದರೆ ಯಾವುದನ್ನೂ ಮುಟ್ಟಬೇಡ. ಜೋಳದ ರುಚಿ ಈಗ ನಿನಗೆ ಗೊತ್ತು. ವಾಸನೆ ಹಿಡಿ."

ಹುಲಿ ಸಾವಿರ ಕೌದಿಗಳ ನಡುವೆ ಮೂಗು ಆಡಿಸುತ್ತ ನಡೆಯಿತು. ಬಾವಿಕಟ್ಟೆಯ ಮೇಲಿದ್ದ ಒಂದರ ಮೂಲೆಯ ಹತ್ತಿರ ನಿಂತು ಬಾಯಿ ಚಪ್ಪರಿಸಿತು. ಬಾಳವ್ವ ಹೋಗಿ ಆ ಮೂಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿದಳು. ಒಳಗೆ ಕಾಳು ಕಟಕಟ ಎಂದವು. ಕೌದಿ ಬೆಚ್ಚಗಿತ್ತು.

ಮಾಟ ಒಡೆಯಿತು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಕೌದಿಗಳು ಹುಟ್ಟಿದಂದಿನಿಂದ ಹಸಿದಿದ್ದವು. ಬಾಳವ್ವ ಅವ್ವನ ಕೌದಿ ಹೊದ್ದಿದ್ದಳು, ಹುಲಿಯ ಮೈ ಬರೀ ತಾಮ್ರ. ಹಸಿದ ಕೌದಿಗಳು ಎದ್ದು ಹಾರಿ, ಹತ್ತಿರ ಸಿಕ್ಕ ಒಂದೇ ಒಂದು ಊಟದ ಮೇಲೆ ಬಿದ್ದವು. ಅದು ಥಳಕಯ್ಯ. ಅವು ಅವನ ಮಂತ್ರವನ್ನೆಲ್ಲ ತಿಂದವು, ಬಿಸಿಯನ್ನು ಇನ್ನೇನು ತಿಂದು ಮುಗಿಸುವುದರಲ್ಲಿದ್ದವು. ಬಾಳವ್ವ ಉಳಿದ ಜೋಳವನ್ನು ಅವುಗಳ ಮೇಲೆ ಎರಚಿದಳು. ಅವು ಥಳಕಯ್ಯನನ್ನು ಬಿಟ್ಟು ಜೋಳಕ್ಕೆ ಮುತ್ತಿದವು.

ಗಾಳಿಯಂತೆ ಓಡುವ ಹುಲಿಯ ಬೆನ್ನ ಮೇಲೆ ಬಾಳವ್ವ, ಅವಳ ಮಡಿಲಲ್ಲಿ ಕೌದಿ, ಅವಳ ಹಿಂದೆ ಹಲ್ಲು ಕಟಕಟಿಸುತ್ತಿದ್ದ ಮಾಂತ್ರಿಕ. ಬಾಳವ್ವ ಅಂದೇ ಊರಿಗೆ ಬಂದಳು. ತಣುಪು ಬರಮಣ್ಣನ ಎದೆಯ ಅಂಚಿಗೆ ಬಂದಿತ್ತು. ಅವಳು ಕೌದಿ ಹೊದಿಸಿದಳು. ಮೊದಲು ಅವನ ಕೈ ಬಿಸಿಯಾಯಿತು, ಆಮೇಲೆ ಸೊಂಟ, ಆಮೇಲೆ ಕಾಲು.

ಬರಮಣ್ಣ ಕಣ್ಣು ಬಿಟ್ಟ. "ಸೆಖೆಯವ್ವ" ಎಂದ. ಊರು ಸಂತೋಷದಿಂದ ಕುಣಿಯಿತು. ಬೇಸಿಗೆಯಲ್ಲಿ ಒಬ್ಬನಿಗೆ ಸೆಖೆಯಾಯಿತೆಂದು ಜನ ಕುಣಿದದ್ದು ಅದೇ ಮೊದಲು.

ಸಂಕವ್ವ ತನ್ನ ಹೊಸ ಹೊದಿಕೆಯನ್ನು ಬೆಂಕಿಗೆ ಹಾಕಲು ಹೊರಟಳು.

"ಚಿಕ್ಕವ್ವ, ಕೇಳಿದೆಯಾ ಅದನ್ನು?" ಎಂದಳು ಬಾಳವ್ವ. ಹೊದಿಕೆಯ ಒಂದು ಮೂಲೆ ಬಿಚ್ಚಿ, ಚಿಟಿಕೆ ಜೋಳ ಹಾಕಿ ಹೊಲಿದಳು. ಹೊದಿಕೆ ಸಣ್ಣಗೆ ತೇಗಿತು, ಮತ್ತೆ ಯಾರನ್ನೂ ತಿನ್ನಲಿಲ್ಲ. ಎಲ್ಲರೂ ಹಾಗೆಯೇ ಮಾಡಿದರು. ಥಳಕಯ್ಯನ ಕೋಟೆಯಿಂದ ಹಳೆಯ ಸಾಮಾನೆಲ್ಲ ಬಂತು. ಒಡೆದ ಬಳೆಗಳು ತೋರಣವಾದವು. ಕನ್ನಡಿಯ ಸಿಂಹಾಸನ ಒಡೆದು ಮನೆಮನೆಗೆ ಒಂದೊಂದು ಮುಖ ನೋಡುವ ಕನ್ನಡಿಯಾಯಿತು. ತೇಪೆಯ ಸಿಂಹಾಸನದ ಮೇಲೆ ಕುಳಿತ ರಾಜನಿಗೆ ನಗು ಮರಳಿತು. ಹುಲಿ ಮದುವೆಮನೆಗಳಿಗೆ ಹೋಗಿ ಹಬೆಯಾಡುವ ಪಾಯಸ ತುಂಬಿಸಿಕೊಂಡು ನಿಲ್ಲುತ್ತಿತ್ತು. ಮಕ್ಕಳು ಅದರ ಬಾಯಿಂದಲೇ ಬಡಿಸಿಕೊಳ್ಳುತ್ತಿದ್ದರು. ನೂಲಗಿರಿಯ ಜನ ಬೆಚ್ಚಗೆ ಹೊದ್ದು, ರುಚಿಯಾಗಿ ಉಂಡು, ಸುಖವಾಗಿ ಬಾಳಿದರು.

ಕತೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಬಾಳವ್ವ ಮರಳಿ ಬಂದ ಆ ಸಂಜೆಯೇ ಊರೆಲ್ಲ ಸೇರಿ ಕಟ್ಟಳೆಯನ್ನು ಇನ್ನೊಮ್ಮೆ ಮುರಿಯಲು ಹೊರಟಿತ್ತು. ಅದನ್ನು ಹೇಳದೆ ಬಿಡುವುದು ತಪ್ಪಾಗುತ್ತದೆ.

ಥಳಕಯ್ಯನನ್ನು ರಾಜನ ಕೋಟೆಯ ಬಾಗಿಲಿಗೆ ತಂದಿದ್ದರು. ಬಾಗಿಲಾಚೆ ತಳವಿಲ್ಲದ ಕಂದಕ. "ಎಸೆಯಿರಿ" ಎಂದ ರಾಜ. "ಎಸೆಯಿರಿ" ಎಂದ ಮಂತ್ರಿ. "ಎಸೆಯಿರಿ" ಎಂದಿತು ಊರು. ಕೌದಿ ಹೊದ್ದೇ ಬಂದಿದ್ದ ಬರಮಣ್ಣ ಕೂಡ ಎಸೆಯಿರಿ ಎಂದ.

"ನಾನು ಒಪ್ಪುವುದಿಲ್ಲ" ಎಂದಳು ಬಾಳವ್ವ.

"ನಿನ್ನಪ್ಪನನ್ನೇ ಕೊಲ್ಲುತ್ತಿದ್ದನಲ್ಲೇ" ಎಂದಳು ಸಂಕವ್ವ.

"ಹೌದು. ಆದರೂ ಯಾರೂ ಕೇಳಿಲ್ಲ."

ಅವಳು ಕಂದಕದ ಅಂಚಿಗೆ ಹೋಗಿ ಅವನ ತೋಳು ಹಿಡಿದಳು.

"ಇನ್ನೇನಾಗುತ್ತೀರಿ?"

"ಮಂತ್ರ ಹೋಯಿತು. ಏನೂ ಆಗಲಾರೆ."

"ಇನ್ನೇನಾಗುತ್ತೀರಿ?"

ಥಳಕಯ್ಯ ನೆಲ ನೋಡಿದ. ಕಾವಲುಗಾರರು ಒಂದು ಹೆಜ್ಜೆ ಮುಂದೆ ಬಂದರು.

"ಇನ್ನೇನಾಗುತ್ತೀರಿ?"

ಥಳಕಯ್ಯನ ಕಣ್ಣು ಅವಳ ಸೆರಗಿಗೆ ಸಿಕ್ಕಿಸಿದ್ದ ಸೂಜಿಯ ಮೇಲೆ ನಿಂತಿತು. ಆಮೇಲೆ ಅವನು ಮೆಲ್ಲಗೆ ಹೇಳಿದ, "ನನ್ನ ಕಣ್ಣು ಚೆನ್ನಾಗಿದೆ. ದಾರ ಪೋಣಿಸಬಲ್ಲೆ."

ಬಾಳವ್ವ ಅಲ್ಲೇ ಕಾವಲುಗಾರರ ಚಾಪೆ ಬಿಡಿಸಿ ಕುಳಿತಳು, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು, ಸೂಜಿಯನ್ನೂ ದಾರವನ್ನೂ ಅವನ ಕೈಗೆ ಕೊಟ್ಟಳು.