ಉಣ್ಣೋ ಕೈ ಯಾವ ಕಡೆ?

ಬಹಳ ಬಹಳ ಹಿಂದೆ, ಬಣ್ಣಾವತಿ ಅನ್ನೋ ರಾಜಧಾನಿಯಲ್ಲಿ ಅಜ್ಜ, ಮಗ, ಮೊಮ್ಮಗ ಹೀಗೆ ಮೂವರು ರಾಜರು ಒಬ್ಬರಾದ ಮೇಲೊಬ್ಬರು ಲೋಕಮೇಳ ನಡೆಸಿದರು. ಐವತ್ತಾರು ದೇಶದವರು ಬಂದು ತಮ್ಮ ತಮ್ಮ ಸೋಜಿಗ ತೋರಿಸಿ ಹೋದರು. ಮೇಳ ಮುಗಿದ ಮೇಲೆ ಒಂದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೆಡವಿದರು. ಅಜ್ಜನ ಮೇಳದ ಕಬ್ಬಿಣದ ಗೋಪುರ ಉಳಿಯಿತು, ಮಗನ ಮೇಳದ ಗಾಜಿನ ಮನೆ, ಮೊಮ್ಮಗನ ಮೇಳದ ಆಕಾಶರಾಟೆ. ಅಥವಾ ಗಾಜಿನ ಮನೆ ಅಜ್ಜನದ್ದೋ? ಹೋಗಲಿ ಬಿಡಿ, ಆ ಊರವರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಆ ಊರಿಗೆ ದೇವೀರಿ ಎಂಬ ಹುಡುಗಿ ಬಂದಳು. ಕೊನೆಯ ಮೇಳ ನೋಡಲು ಹೋದ ಅವಳ ಅಣ್ಣ ಮಾಚಣ್ಣ ಮನೆಗೆ ಮರಳಿರಲಿಲ್ಲ. ಅವ್ವ ಅನ್ನ ಬಿಟ್ಟು ಮಲಗಿದ್ದಳು.

"ಯಜಮಾನ್ರೇ, ಮೇಳದ ಗೋಪುರ ಎಲ್ಲಿ?" ಎಂದು ದಾರಿಯಲ್ಲಿ ಸಿಕ್ಕ ಮುದುಕನನ್ನು ಕೇಳಿದಳು.

"ಆನೆಮಂಟಪದ ಹತ್ರ ತಿರುಗವ್ವ."

"ಆನೆಮಂಟಪ ಎಲ್ಲಿ?"

"ಅದನ್ನ ಕೆಡವಿ ಯಾವ ಕಾಲವಾಯ್ತು!"

"ಅಯ್ಯೋ ಶಿವನೇ, ಇಲ್ಲದ ಮಂಟಪದ ಹತ್ರ ಹೆಂಗೆ ತಿರುಗಲಿ?"

ಊರೆಲ್ಲ ಹೀಗೇ. ಬತ್ತಿದ ಕಾರಂಜಿಯಿಂದ ಮುಂದೆ, ಬಿದ್ದ ಕಮಾನಿನಿಂದ ಹಿಂದೆ. ದೇವೀರಿಗೆ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕೊನೆಗೆ ಯಾರನ್ನೂ ಕೇಳದೆ, ತಲೆಯೆತ್ತಿ ಗೋಪುರದ ತುದಿ ನೋಡುತ್ತಲೇ ನಡೆದು ಅಲ್ಲಿಗೆ ಮುಟ್ಟಿದಳು.

ಗೋಪುರದ ಬುಡದಲ್ಲಿ ಧೂಮಜಟ ಎಂಬ ಮಾಂತ್ರಿಕ ಕೂತಿದ್ದ. ಮೇಳ ಮುಗಿದರೂ ಬಾಯಿ ಬಿಟ್ಟುಕೊಂಡು ನಿಂತವರನ್ನೆಲ್ಲ ಕಲ್ಲು ಮಾಡಿದವನು ಇವನೇ. ದೇವೀರಿ ಅಣ್ಣ ಎಲ್ಲಿ ಎಂದು ಕೇಳಿದಳು.

"ಗೋಪುರ, ಗಾಜಿನ ಮನೆ, ರಾಟೆ, ಮೂರು ಕಡೆಯೂ ನಿನ್ನಣ್ಣ ಕಲ್ಲಾಗಿ ನಿಂತಿದ್ದಾನೆ. ಒಬ್ಬ ನಿಜ, ಇಬ್ಬರು ನನ್ನ ಮಾಯೆ. ಕೇಳಿದರೆ ಮೂವರೂ ಮಾತಾಡುತ್ತಾರೆ," ಎಂದ. "ಹೊತ್ತು ಮುಳುಗೋದರೊಳಗೆ ನಿಜವಾದವನ ಕೈ ಹಿಡಿ. ತಪ್ಪಿದರೆ ನೀನು ಕಲ್ಲು."

"ತಪ್ಪದಿದ್ದರೆ?"

"ನಾನು ಕಲ್ಲು," ಎಂದು ನಕ್ಕ.

ಗೋಪುರದ ಹತ್ತಿರ ನಿಂತವನಿಗೆ ಅಣ್ಣನದೇ ಮೂಗು, ಅಣ್ಣನದೇ ಹರಕು ಪೇಟ. ಏನು ಕೇಳಬೇಕೋ ತೋಚದೆ, ಬೆಳಗ್ಗಿಂದ ಕೇಳಿದ್ದನ್ನೇ, ದಾರಿಯನ್ನೇ, ಕೇಳಿದಳು.

"ಅಣ್ಣಯ್ಯ, ಹೊಳೆ ದಾಟಿದರೆ ನಮ್ಮೂರು ಯಾವ ಕಡೆ?"

"ಬಲಕ್ಕೆ ಕಣೇ," ಎಂದು ಕಲ್ಲು ಬಲಗೈ ಚಾಚಿತು. ಊರಿರುವುದು ಬಲಕ್ಕೇ. ಆದರೂ ಅವಳ ಮನಸ್ಸು ಒಪ್ಪಲಿಲ್ಲ.

ಗಾಜಿನ ಮನೆಗೆ ಓಡಿದಳು. ಅದೇ ಮೂಗು, ಅದೇ ಪೇಟ.

"ಬಲಕ್ಕೆ ಕಣೇ," ಎಂದು ಅದೂ ಬಲಗೈ ಚಾಚಿತು.

ರಾಟೆಯ ಹತ್ತಿರ ಬರುವಾಗ ಸೂರ್ಯ ಕೆಂಪಾಗಿದ್ದ. ದೇವೀರಿಗೆ ಅಳು ಬಂತು.

"ಅಣ್ಣಯ್ಯ, ನಮ್ಮೂರು ಯಾವ ಕಡೆ?"

"ಬಲಕ್ಕೆ ಕಣೇ," ಎಂದು ಮೂರನೆಯದು ಎಡಗೈ ಚಾಚಿತು.

ದೇವೀರಿ ಅಳುತ್ತಲೇ ನಕ್ಕಳು. "ಬಲ ಅಂದ್ರೆ ಉಣ್ಣೋ ಕೈ ಕಣೋ" ಅಂತ ಅವ್ವ ಚಿಕ್ಕಂದಿನಲ್ಲಿ ಅವನಿಗೆ ಕಲಿಸಿದ್ದಳು. ಮಾಚಣ್ಣ ಎಡಚ, ಉಣ್ಣೋದೇ ಎಡಗೈಲಿ! ಅವನಿಗೆ ಅವತ್ತಿನಿಂದ ಬಲ ಅಂದರೆ ಎಡವೇ.

ಆ ಎಡಗೈಯನ್ನೇ ಗಟ್ಟಿಯಾಗಿ ಹಿಡಿದಳು. ಕೈ ಬೆಚ್ಚಗಾಯಿತು. ಮಾಯೆಯ ಗೊಂಬೆಗಳೆರಡೂ ಪುಡಿಯಾದವು. ಗೋಪುರದ ಬುಡದಲ್ಲಿ ಧೂಮಜಟ ನಗುತ್ತ ನಗುತ್ತಲೇ ಕಲ್ಲಾದ. ಕಲ್ಲಾಗಿದ್ದವರೆಲ್ಲ ಮೈಮುರಿದು ಎದ್ದು, "ಮನೆ ಯಾವ ಕಡೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತ ಹೊರಟರು.

ಹೊಳೆ ದಾಟಿದ ಮೇಲೆ ಮಾಚಣ್ಣ ಎಡಕ್ಕೆ ತಿರುಗಿದ. ದೇವೀರಿ ಕಿವಿ ಹಿಡಿದು ಬಲಕ್ಕೆ ಎಳೆದಳು.

ಅವ್ವ ಎದ್ದು ಅನ್ನ ಬಡಿಸಿದಳು. ಮಾಚಣ್ಣ ತಟ್ಟೆಗೆ ಎಡಗೈ ಹಾಕಿದ. ಅವ್ವ ಈ ಸಲ ಗದರಿಸಲಿಲ್ಲ. ಅವನ ಆ ಕೈಯಿಂದಲೇ ಒಂದು ತುತ್ತು ಇಸಕೊಂಡು ತಾನೂ ಉಂಡಳು. ಮೂವರೂ ಬಹುಕಾಲ ಸುಖವಾಗಿದ್ದರು.