ಮ್ಯಾಪಿನ ಅಡಿಯಲ್ಲಿ ಉಳಿದ ಕರೆ

"ನನ್ನ ಸ್ಕ್ರೀನ್ ಮುಟ್ಟಿದ್ದು ಯಾರು?!"

ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಕರೆ ತೆಗೆದುಕೊಳ್ಳುವ ಹುಡುಗಿಯರಲ್ಲಿ ಹೀಗೆ ಕೂಗಿದ ಇವಳ ಬಾಯಿಯೇ ಜೋರು. ಅದಕ್ಕೇ 'ಪಟಾಕಿ' ಅಂತ ಹೆಸರು.

ಮೂಲೆಯಿಂದ ಹೊಸ ಸಿಸ್ಟಮ್ ಇಂಜಿನಿಯರ್ ಎದ್ದು ನಿಂತ.

"ನಾನೇ. ಇನ್ಮೇಲೆ ವಿಂಡೋಗಳು ಒಂದರ ಮೇಲೊಂದು ಬೀಳಲ್ಲ. ಟೈಲ್ಸ್ ಹಾಕಿದ ಹಾಗೆ ಪಕ್ಕಪಕ್ಕ ಕೂರುತ್ತವೆ."

"ಒಂದು ಮಾತು ಕೇಳಿ ಮಾಡೋಕೆ ಆಗ್ಲಿಲ್ವಾ?"

ಅವನ ಮುಖ ಸಪ್ಪಗಾಯಿತು. 'ಅಯ್ಯೋ, ಇಷ್ಟು ಬೈಬಾರದಿತ್ತು...' ಅನಿಸಿದರೂ ಅವಳು ತೋರಿಸಿಕೊಳ್ಳಲಿಲ್ಲ.

ಗೊಣಗುತ್ತಲೇ ಹೊಸ ಸ್ಕ್ರೀನಿಗೆ ಒಗ್ಗಿಕೊಂಡಳು. ಅವನು ದಿನಾ ಬಂದು "ಏನಾದ್ರೂ ತೊಂದರೆ ಇದೆಯಾ?" ಅಂತ ಕೇಳುವುದಕ್ಕೂ!

ಒಂದು ಮಧ್ಯಾಹ್ನ ಅವಳು ಮ್ಯಾಪನ್ನು ಟೈಲುಗಳಿಂದ ಬಿಡಿಸಿ, ದೊಡ್ಡದಾಗಿ ಎಳೆದುಕೊಂಡಿದ್ದಳು. ಆಗ ಬಂದ ತುರ್ತು ಕರೆಯ ವಿಂಡೋ ಅದರ ಅಡಿಯಲ್ಲಿ ತೆರೆದುಕೊಂಡಿತು. ಕಣ್ಣಿಗೆ ಬೀಳಲೇ ಇಲ್ಲ.

ಆ ಕರೆ ಮಾಡಿದ್ದ, ಹೆರಿಗೆ ನೋವಿನಲ್ಲಿದ್ದ ಹೆಂಗಸು ಆಂಬ್ಯುಲೆನ್ಸಿಗೆ ಕಾದೂ ಕಾದೂ ಮನೆ ಮೆಟ್ಟಿಲ ಮೇಲೇ ಹೆತ್ತಳು. ತಾಯಿ, ಮಗು ಇಬ್ಬರೂ ಕ್ಷೇಮ. ಆದರೂ ಪಟಾಕಿ ಆ ಕರೆಯ ದಾಖಲೆಯನ್ನು ಮತ್ತೆ ಮತ್ತೆ ತೆರೆದು ನೋಡಿದಳು.

ಗಾಜಿನ ಬಾಗಿಲಾಚೆ ಅವನು ಮೇಲ್ವಿಚಾರಕಿಯ ಜೊತೆ ಮಾತಾಡುತ್ತಿದ್ದ. 'ನನ್ನ ಮೇಲೆ ಚಾಡಿ ಹೇಳ್ತಿದ್ದಾನೆ! ಬೈದದ್ದಕ್ಕೆ ಸೇಡು...'

ಅವನ ಜೊತೆ ಮಾತು ಬಿಟ್ಟಳು.

ಕೊನೆಗೆ ಮೇಲ್ವಿಚಾರಕಿಯೇ ಕೇಳಿದರು. "ಯಾಕಮ್ಮಾ ಮುಖ ಊದಿಸ್ಕೊಂಡಿದ್ದೀಯ? ಯಾವ ವಿಂಡೋ ಮೇಲಿರಬೇಕು ಅಂತ ತಾನೇ ಸೆಟ್ ಮಾಡಿರಲಿಲ್ಲ, ನಿನ್ನ ತಪ್ಪಲ್ಲ ಅಂತ ಅವನು ಅವತ್ತೇ ಹೇಳಿದ. ಈಗ ಬೇರೆ ಆಫೀಸಿಗೆ ವರ್ಗ ಕೇಳ್ತಿದ್ದಾನೆ."

ಅವಳು ಅವನನ್ನು ಹುಡುಕಿಕೊಂಡು ಓಡಿದಳು.

ನೋಡಿದರೆ ಅವನು ಅವಳ ಕಂಪ್ಯೂಟರ್ ಮುಂದೆಯೇ ಇದ್ದ.

"ಟೈಲ್‌ಗಳು ಕೆಳಗೆ, ಬಿಡಿಸಿಟ್ಟ ವಿಂಡೋ ಅವುಗಳ ಮೇಲೆ, ತುರ್ತು ಕರೆ ಎಲ್ಲಕ್ಕಿಂತ ಮೇಲೆ. ಇನ್ನು ಮ್ಯಾಪ್ ಅದನ್ನ ಮುಚ್ಚಲ್ಲ."

"ಕರೆ ತಗೊಂಡ ಮೇಲೂ ಅದು ಮೇಲೇ ಕೂತ್ರೆ, ಮ್ಯಾಪಲ್ಲಿ ವಿಳಾಸ ಹುಡುಕೋದು ಹೇಗೆ?"

"ಹೌದಲ್ವಾ!" ಅವನು ಪೆಚ್ಚಾದ.

ಅವಳು ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಕರೆ ತೆಗೆದ ಕೂಡಲೇ ಆ ವಿಂಡೋ ಟೈಲಾಗಿ ಕೆಳಗೆ ಹೋಗುವ ಹಾಗೆ ಇಬ್ಬರೂ ಸೇರಿ ಸರಿಮಾಡಿದರು.

"ವರ್ಗ ಯಾಕೆ ಕೇಳಿದ್ರಿ?" ಅಂದಳು ಮೆಲ್ಲಗೆ.

"ನಾನಿದ್ರೆ ನಿಮಗೆ ಕಿರಿಕಿರಿ..."

"ಅಮ್ಮನ ಹತ್ರ ದಿನಾ ಫೋನಲ್ಲಿ ನಿಮ್ಮನ್ನ ಬೈತೀನಿ, ಗೊತ್ತಾ?"

"ಅವರೇನಂದ್ರು?"

"'ದಿನಾ ಅವನ ಮಾತೇ ಆಯ್ತಲ್ಲ, ಇಷ್ಟಾನಾ?' ಅಂದ್ರು."

"ನೀವು?"

"ಫೋನ್ ಇಟ್ಬಿಟ್ಟೆ."

ಅವನು ಅವಳತ್ತ ತಿರುಗಿದ. "ಇವತ್ತು ಕೇಳಿದ್ರೆ...?"

"ಹೂಂ ಅಂತೀನಿ."

"ಹಾಗಾದ್ರೆ ನಾನು ಎಲ್ಲೂ ಹೋಗಲ್ಲ."

ಪಟಾಕಿ ಅವನ ಕೈ ಮೇಲೆ ಕೈ ಇಟ್ಟಳು.